‘ಡ್ಯೂಕ್’ ಎಂಬ ಬಿರುದಿನ ಮೂಲದ ಕುರಿತು

ಸದಸ್ಯರ ಗಮನಕ್ಕೆ: ಯುರೋಪಿನ ಕುಲೀನ ವರ್ಗದ ಬಿರುದಾದ ‘ಡ್ಯೂಕ್’ ಎಂಬುದನ್ನು ‘ರಾಜಕುಮಾರ’ ಎಂದು ಕನ್ನಡಿಸುವುದು ಸರಿಯಲ್ಲವೆಂದು ವಿನಯದಿಂದ ತಿಳಿಸಬಯಸುತ್ತೇನೆ. ಮುನ್ನಡೆಸುವವನು ಎಂಬರ್ಥದ ಲ್ಯಾಟಿನ್ನಿನ ‘ಡುಕ್ಸ್’ ಪದದಿಂದ ಬಂದ ಈ ಬಿರುದು, ರೋಮನ್ ಸಾಮ್ರಾಜ್ಯದ ಕೊನೆಯ ಶತಮಾನಗಳಲ್ಲಿ ಗಡಿಪ್ರಾಂತ್ಯದ ಸೇನೆಯನ್ನು ನೋಡಿಕೊಳ್ಳುತ್ತಿದ್ದ ದಂಡನಾಯಕನ ಹುದ್ದೆಯ ಹೆಸರಾಗಿತ್ತೇ ಹೊರತು ವಂಶಪಾರಂಪರ್ಯವಾಗಿ ಬರುವ ಗೌರವವಾಗಿರಲಿಲ್ಲ. ಸಾಮ್ರಾಜ್ಯ ಕುಸಿದ ಮೇಲೆ ಅದರ ನೆಲದಲ್ಲಿ ರಾಜ್ಯ ಕಟ್ಟಿದ ಜರ್ಮಾನಿಕ್ ಜನಾಂಗಗಳಾದ ಫ್ರಾಂಕರೂ ಲೊಂಬಾರ್ಡರೂ ಈ ಬಿರುದನ್ನು ಉಳಿಸಿಕೊಂಡರು. ಹುದ್ದೆಯೊಂದಿಗೆ ನೆಲದ ಒಡೆತನವೂ ಸೇರಿಕೊಂಡು, ಕ್ರಮೇಣ ಎರಡೂ ತಂದೆಯಿಂದ ಮಗನಿಗೆ ಇಳಿಯತೊಡಗಿದವು. ಇಂಗ್ಲೆಂಡಿಗೆ ಇದು ತಡವಾಗಿ ಬಂತು: 1337ರಲ್ಲಿ ದೊರೆ ಮೂರನೆಯ ಎಡ್ವರ್ಡ್ ತನ್ನ ಹಿರಿಯ ಮಗನನ್ನು ಕಾರ್ನ್‌ವಾಲ್‌ನ ಡ್ಯೂಕ್ ಆಗಿಸಿದನು. ಹಿಂದಿನ ವೆನಿಸ್ ಗಣರಾಜ್ಯದ ಚುನಾಯಿತ ಮುಖ್ಯಸ್ಥನಿಗಿದ್ದ ‘ಡೋಜ್’ ಎಂಬ ಹೆಸರು ಕೂಡ ಇದೇ ಬೇರಿನ ಪದವೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಆದ್ದರಿಂದ ಅನುವಾದಿಸುವಾಗ ‘ಡ್ಯೂಕ್’ ಎಂದೇ ಉಳಿಸಿಕೊಳ್ಳಬೇಕೆಂದು ಎಲ್ಲರಲ್ಲಿ ಕೋರುತ್ತೇನೆ.