ಕ್ಯಾರಿಕೇಚರ್ ಅಂದರೆ ಬೈಗುಳವಲ್ಲ

ಪ್ರೀತಿಯ ತಮ್ಮಾ,

ಕಥೆ ತಲುಪಿತು, ಅಳುಮುಂಜಿ ಪತ್ರವೂ ತಲುಪಿತು. ನಿನ್ನ ಕಥೆಯ ಹೆಡ್‌ಮಾಸ್ತರರನ್ನು ಯಾರೋ ‘ಬರೀ ಕ್ಯಾರಿಕೇಚರ್’, ಅಂದರೆ ಉಬ್ಬಿಸಿ ಬರೆದ ಅಣಕುಚಿತ್ರ, ಎಂದರಂತೆ. ಅಷ್ಟಕ್ಕೇ ಇನ್ನು ಬರೆಯಲ್ಲ ಅಂತ ಕೂತಿದ್ದೀಯ. ಒಳ್ಳೆ ಕಥೆ ಆಯ್ತು ನಿಂದು!

ವ್ಯಾಕರಣ, ಪ್ರಕಾಶಕರು, ಕಥೆ ಎಷ್ಟು ಪುಟ ಇರಬೇಕು, ಅದನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ಈ ಪದದ ಬಗ್ಗೆ ಮಾತ್ರ ನನ್ನ ಹತ್ತಿರ ಹೇಳುವುದಿದೆ. ನನ್ನ ಮೊದಲ ಸಂಕಲನದ ಒಬ್ಬ ಸೋದರತ್ತೆಯನ್ನು ಒಬ್ಬ ವಿಮರ್ಶಕರು ಇದೇ ಒಂದು ಪದದಲ್ಲಿ ಮುಗಿಸಿಬಿಟ್ಟಿದ್ದರು. ಯಾಕೆ, ಹೇಗೆ, ಏನೂ ಇಲ್ಲ. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು, ನನ್ನ ಸಿಟ್ಟು ಇನ್ನೂ ಗಟ್ಟಿಯಾಗಿದೆ. ನಮ್ಮಲ್ಲಿ ಪೇಪರಿನ ಚಿತ್ರಕ್ಕೆ ಈ ಮಾತು ಹೊಗಳಿಕೆ, ಕಥೆಗೆ ಬೈಗುಳ. ಇದ್ಯಾವ ನ್ಯಾಯ?

ಇದು ಇಟಲಿ ಕಡೆಯ ಪದ, ಮೂಲದಲ್ಲಿ ‘ಹೇರುವುದು’ ಅಂತ ಅರ್ಥ. ಇದ್ದ ಮೂಗಿನ ಮೇಲೆ ಇನ್ನಷ್ಟು ಮೂಗು ಹೇರುವುದು. ಇಂಗ್ಲೆಂಡಿನ ಚಿತ್ರಕಾರ ಹೋಗಾರ್ತ್‌ಗೆ ಇದು ಆಗುತ್ತಿರಲಿಲ್ಲ. 1743ರಲ್ಲಿ ಒಂದು ಅಚ್ಚುಚಿತ್ರ ಮಾಡಿದ. ಮೇಲೆ ಕಿಕ್ಕಿರಿದ ನೂರರಷ್ಟು ಮುಖಗಳು. ಕೆಳಗೆ ಒಂದು ಪಕ್ಕ ಇಟಲಿಯ ಹಳೇ ಚಿತ್ರಕಾರ ರಾಫೆಲ್ ಬರೆದ ತಲೆಗಳು, ಇನ್ನೊಂದು ಪಕ್ಕ ಇಟಲಿಯ ಬೇರೆ ಚಿತ್ರಕಾರರು ಬರೆದ ಸೊಟ್ಟ ಮೂತಿಗಳು. ಅದು ಪಾತ್ರ, ಇದು ಕ್ಯಾರಿಕೇಚರ್ ಅಂತ ಗೆರೆ ಎಳೆದುಬಿಟ್ಟ. ಅದರ ಹಿಂದಿನ ವರ್ಷ ಕಾದಂಬರಿಕಾರ ಫೀಲ್ಡಿಂಗ್ ಕೂಡ ತನ್ನ ಮುನ್ನುಡಿಯಲ್ಲಿ ಅದನ್ನೇ ವಾದಿಸಿದ್ದ. ನಿನ್ನನ್ನು ಬೈದವರು ಹಿಡಿದಿರುವುದು ಆ ಹಳೇ ಗೆರೆಯನ್ನೇ. ನಾನಂತೂ ಒಪ್ಪೋದಿಲ್ಲ.

ಯಾಕೆ ಅಂದರೆ, 1831ರಲ್ಲಿ ಪ್ಯಾರಿಸಿನ ಕೋರ್ಟಿನಲ್ಲಿ ನಡೆದದ್ದು ನೋಡು. ರಾಜ ಲೂಯಿ ಫಿಲಿಪ್‌ನನ್ನು ಅವಮಾನಿಸಿದ ಅಂತ ವ್ಯಂಗ್ಯಚಿತ್ರ ಪತ್ರಿಕೆ ನಡೆಸುತ್ತಿದ್ದ ಫಿಲಿಪೋನ್ ಮೇಲೆ ಕೇಸು. ಅವನು ನಾಲ್ಕು ಚಿತ್ರ ಮುಂದಿಟ್ಟ. ಮೊದಲನೆಯದು ರಾಜನ ಮುಖವೇ, ತಲೆ ಮೇಲೆ ಚೂಪು, ಕೆನ್ನೆ ಜೋತು ಅಗಲ. ಎರಡನೆಯದರಲ್ಲಿ ಕೆನ್ನೆ ಇನ್ನೊಂದಿಷ್ಟು ಇಳಿದಿದೆ. ನಾಲ್ಕನೆಯದು ಬರೀ ಪೇರ್ ಹಣ್ಣು. ಯಾವ ಚಿತ್ರಕ್ಕೆ ಶಿಕ್ಷೆ ಕೊಡ್ತೀರಿ ಅಂತ ಕೇಳಿದ. 6 ತಿಂಗಳ ಜೈಲೇನೋ ಆಯಿತು, ಆದರೆ ಪೇರ್ ಹಣ್ಣು ಊರ ಗೋಡೆಗಳನ್ನೆಲ್ಲ ಹತ್ತಿತು. ಆ ಹಣ್ಣು ರಾಜನ ಮುಖದಲ್ಲೇ ಇತ್ತು, ಫಿಲಿಪೋನ್ ಹೊರಗಿನಿಂದ ತಂದಿರಲಿಲ್ಲ.

ನಿನ್ನ ಮಾಸ್ತರರಿಗೆ ನಶ್ಯದ ಡಬ್ಬಿ, ಡೊಳ್ಳು ಹೊಟ್ಟೆ, ಮಾತಿಗೊಂದು ತಪ್ಪು ಇಂಗ್ಲಿಷು. ಇವು ಎಲ್ಲಿಂದ ಬಂದವು ಹೇಳು? ಹಳೇ ಸಿನಿಮಾದಿಂದ, ಅಲ್ವಾ? ನೀನು ಹೇರಿದ್ದು ಜಾಸ್ತಿಯಾಗಿಲ್ಲ ಕಣೋ, ಯಾರ ಮೇಲೂ ಹೇರಿಲ್ಲ. ಅಲ್ಲಿ ಮನುಷ್ಯನೇ ಇಲ್ಲ.

ಮೂರನೇ ಪುಟದಲ್ಲಿ ಮಾತ್ರ ಒಂದು ಸಾಲಿದೆ. ಡಸ್ಟರ್ ಸಿಗದೆ ಮಾಸ್ತರರು ತಮ್ಮ ಕರ್ಚೀಫಿನಿಂದಲೇ ಬೋರ್ಡು ಒರೆಸಿ, ಸೀಮೆಸುಣ್ಣದ ಮಗ್ಗುಲು ಒಳಗಾಗುವಂತೆ ಮಡಿಚಿ, ಜೇಬಿಗಿಟ್ಟುಕೊಳ್ಳುತ್ತಾರೆ. ಇದನ್ನು ನೀನು ಕಣ್ಣಾರೆ ನೋಡಿದ್ದೀಯ. ಸುಮ್ನೆ ಕೂತು ಬರೆದರೆ ಇದು ಬರುವುದಿಲ್ಲ. ಹೇರುವುದಿದ್ದರೆ ಇದರ ಮೇಲೆ ಹೇರು. ಹೆಂಡತಿ ದಿನಾ ಒಗೆದರೂ ಬಿಳಿ ಹೋಗದ ಜೇಬು ಮಾಡು. ಇನ್ಸ್‌ಪೆಕ್ಟರ್ ಮುಂದೆ ಬೆವರು ಒರೆಸಿಕೊಂಡು ಮುಖವೆಲ್ಲ ಬೆಳ್ಳಗಾಗಲಿ. ಎಷ್ಟು ಬೇಕಾದರೂ ಉಬ್ಬಿಸು, ಮಾಸ್ತರರು ಕೈಬಿಟ್ಟು ಹೋಗುವುದಿಲ್ಲ.

ಬೈದವರಿಗೆ ಉತ್ತರ ಗಿತ್ತರ ಬರೆಯಲು ಹೋಗಬೇಡ. ನಶ್ಯ, ಹೊಟ್ಟೆ ಎರಡನ್ನೂ ಕಿತ್ತುಹಾಕಿ ದೀಪಾವಳಿಯೊಳಗೆ ಇನ್ನೊಮ್ಮೆ ಕಳಿಸು. ಟೈಪ್ ಮಾಡಿ ಕಳಿಸು ಮಾರಾಯ, ನಿನ್ನ ಕೈಬರಹ ಓದಿ ನನ್ನ ಕಣ್ಣು ಹೋಯಿತು.

ಇಂತಿ,
ನಿನ್ನ ಹಿರಿಯ ಗೆಳೆಯ