ಹರಿಯದ ಲಾವಾ ಕಟ್ಟಿದ ಬೆಟ್ಟ

ಮಾನ್ಯರೇ,

ಜ್ವಾಲಾಮುಖಿ ಎಂದೊಡನೆ ಪತ್ರಿಕೆಗಳಲ್ಲಿ ಬರುವುದು ಒಂದೇ ಚಿತ್ರ: ತುದಿಯಲ್ಲಿ ಬಾಯ್ದೆರೆದ ಶಂಕುವಿನಾಕಾರದ ಪರ್ವತ, ಅದರಿಂದಿಳಿಯುವ ಕೆಂಡದ ಹೊಳೆ. ಕ್ಯಾಲಿಫೋರ್ನಿಯಾದ ಸಟರ್ ಬ್ಯೂಟ್ಸ್ ಬೆಟ್ಟಗಳು ಹಾಗೆ ಹುಟ್ಟಿದವಲ್ಲ. ಸ್ಯಾಕ್ರಮೆಂಟೊ ಕಣಿವೆಯ ಸಪಾಟು ಬಯಲಿನಲ್ಲಿ, ಯೂಬಾ ಸಿಟಿಯ ಬಳಿ, ಸುಮಾರು 16 ಕಿ.ಮೀ. ಅಗಲದ ವೃತ್ತದಲ್ಲಿ ನಿಂತಿರುವ ಇವು ಲಾವಾ ಗುಮ್ಮಟಗಳ, ಅಂದರೆ ಹರಿಯದೆ ಹೊರಬಂದಲ್ಲೇ ಗುಡ್ಡೆಯಾದ ಲಾವಾದ, ಗುಂಪು. ಬೆಂಕಿ ಆರಿ ಸುಮಾರು 14 ಲಕ್ಷ ವರ್ಷವಾಯಿತು. ಇವನ್ನು ‘ಜಗತ್ತಿನ ಅತಿ ಚಿಕ್ಕ ಪರ್ವತಶ್ರೇಣಿ’ ಎಂದು ಹೊಗಳುವವರಿದ್ದಾರೆ. ಭೂವಿಜ್ಞಾನದ ಲೆಕ್ಕದಲ್ಲಿ ಇದು ಶ್ರೇಣಿಯೇ ಅಲ್ಲ.

ಎಲ್ಲ ವ್ಯತ್ಯಾಸಕ್ಕೂ ಮೂಲ ಸಿಲಿಕಾ, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕದ ಸಂಯುಕ್ತ. ಅದು ಹೆಚ್ಚಿದಷ್ಟೂ ಲಾವಾ ಅಂಟಾಗುತ್ತದೆ. ಲಾವಾ ತಣಿದು ಆಗುವ ಕಲ್ಲುಗಳಿಗೆ ಹೆಸರೂ ಅದರ ಪ್ರಮಾಣದ ಮೇಲೆಯೇ. ಬಸಾಲ್ಟ್‌ನಲ್ಲಿ ಅದು ಶೇ 50ರ ಆಸುಪಾಸು ಇರುತ್ತದೆ. 1,100–1,200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಲಾವಾ ತೆಳ್ಳಗೆ ಹರಿದು ಹೋಗುತ್ತದೆ. ಆಂಡೆಸೈಟ್‌ನಲ್ಲಿ ಶೇ 60ರ ಸಮೀಪ, ರಯೊಲೈಟ್‌ನಲ್ಲಿ ಶೇ 70ಕ್ಕೂ ಹೆಚ್ಚು, ಬಿಸಿಯೂ ಕಡಿಮೆ. ಇಂಥ ಅಂಟು ಲಾವಾ ಹೊರಬಂದಲ್ಲೇ ಗುಡ್ಡೆ ಬೀಳುತ್ತದೆ. ಹೊರಮೈ ಗಟ್ಟಿಯಾದರೂ ಒಳಗೆ ಹೊಸದು ನುಗ್ಗಿ ಉಬ್ಬಿಸುತ್ತಲೇ ಇರುತ್ತದೆ. ಸಿಪ್ಪೆ ಬಿರಿದು ಬಂಡೆಗಳು ಬುಡಕ್ಕೆ ಉರುಳುತ್ತವೆ. ಬದಿಯೇ ಕುಸಿದರೆ ಸುಡುವ ಅನಿಲ, ಬೂದಿ, ಕಲ್ಲು ಒಟ್ಟಾಗಿ ಕೆಳಗೆ ನುಗ್ಗುತ್ತವೆ. ಜಪಾನಿನ ಉಂಜೆನ್‌ನಲ್ಲಿ 1991ರ ಜೂನ್ 3ರಂದು 43 ಜನ ಸತ್ತದ್ದು ಹೀಗೆಯೇ.

ಸಟರ್ ಬ್ಯೂಟ್ಸ್ ಚೆನ್ನಾಗಿ ಸವೆದಿರುವುದರಿಂದ ಒಳರಚನೆ ಕಣ್ಣಿಗೇ ಕಾಣುತ್ತದೆ. ನಡುವೆ ಆಂಡೆಸೈಟ್, ರಯೊಲೈಟ್ ಗುಮ್ಮಟಗಳ ಕಡಿದಾದ ಕೋಡುಗಳು. ಎಲ್ಲಕ್ಕೂ ಎತ್ತರದ ಸೌತ್ ಬ್ಯೂಟ್ 640 ಮೀಟರ್‌ಗಿಂತ ತುಸು ಹೆಚ್ಚು. ಈ ಕೋಡುಗಳ ಸುತ್ತ ಕೋಟೆಯ ಕಂದಕದಂಥ ತಗ್ಗು. ಅಲ್ಲಿರುವುದು ಗುಮ್ಮಟಗಳಿಗಿಂತ ಕೋಟ್ಯಂತರ ವರ್ಷ ಹಳೆಯ ಕ್ರಿಟೇಷಿಯಸ್, ಇಯೊಸೀನ್ ಕಾಲದ ಮಡ್ಡಿಶಿಲೆಗಳು, ಅಂದರೆ ಮರಳು-ಕೆಸರು ಪದರಪದರವಾಗಿ ಗಟ್ಟಿಯಾದ ಕಲ್ಲುಗಳು. ಒಮ್ಮೆ ಮಟ್ಟಸವಾಗಿ ಮಲಗಿದ್ದ ಆ ಪದರಗಳನ್ನು ಮೇಲೇರಿದ ಶಿಲಾರಸ ಚಾಪೆಯ ಅಂಚಿನಂತೆ ಎತ್ತಿ ಓರೆಯಾಗಿಸಿದೆ. ಮೆದುವಾದ್ದರಿಂದ ಅವು ಬೇಗ ಸವೆದವು, ತಗ್ಗಾಯಿತು. ಅದರಾಚೆ, ಕುಸಿದ ಕಲ್ಲು-ಬೂದಿಗಳ ಇಳಿಜಾರು ಬಯಲಿಗೆ ಸೇರುತ್ತದೆ.

ಸಿಲಿಕಾದ ಈ ಲೆಕ್ಕ ನಮ್ಮ ಕರಾವಳಿಗೂ ಬೇಕು. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ಬಸಾಲ್ಟ್ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ತಣಿದು ಕುಗ್ಗುವಾಗ ಬೇರೆ ಲಾವಾಗಳೂ ಕಂಬಗಳಾಗಿ ಸೀಳಬಲ್ಲವು. ಆಕಾರ ನೋಡಿ ಕಲ್ಲಿಗೆ ಹೆಸರಿಡಲಾಗದು. ದ್ವೀಪದ ಶಿಲೆ ಡೇಸೈಟ್ (ಸಿಲಿಕಾದಲ್ಲಿ ಆಂಡೆಸೈಟ್, ರಯೊಲೈಟ್ ಎರಡರ ನಡುವಿನದು)–ರಯೊಲೈಟ್ ಬಳಗದ್ದು, ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ್ದು. ದಖನ್ನಿನ ಬಸಾಲ್ಟ್‌ಗಿಂತ ಸುಮಾರು 2 ಕೋಟಿ ವರ್ಷ ಹಿರಿಯದು. ಪ್ರವಾಸಿ ಪುಟಗಳಲ್ಲಿ ಇನ್ನು ಮುಂದಾದರೂ ಡೇಸೈಟ್–ರಯೊಲೈಟ್ ಎಂಬ ಹೆಸರನ್ನೇ ಬಳಸಬೇಕೆಂದು ಕೋರುತ್ತೇನೆ.

– ಭೂವಿಜ್ಞಾನ ಅಧ್ಯಾಪಕ, ಉಡುಪಿ