ಮಗಳಿಗೊಂದು ಪತ್ರ: ನೀನು ಬಿಟ್ಟುಹೋದ ಬಿಳಿ ಡಿಸ್ಕ್

ಪುಟ್ಟಿ,

ಭಾನುವಾರ ಫೋನಿನಲ್ಲಿ "ಸಾಕಪ್ಪ, ಇನ್ನು ಡಿಸ್ಕ್ ಗಾಲ್ಫ್ ಟೂರ್ನಮೆಂಟ್ ಆಡಲ್ಲ, ಇಪ್ಪತ್ತು ವರ್ಷದ ಹುಡುಗಿಯರು ಎಸೆಯೋ ದೂರ ನೋಡಿದ್ರೆ ನನ್ನ ಕಥೆ ಮುಗೀತು ಅನ್ಸುತ್ತೆ" ಅಂದೆ. ನಾನು ಆಗ ಹೂಂ ಅಂದೆ ಅಷ್ಟೆ. ಆಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನು ಹೋದ ಸಲ ಬಂದಾಗ ಬಿಟ್ಟುಹೋದ ಬಿಳಿ ಪಟ್ಟರ್, ಚೈನ್ ನೇತುಹಾಕಿದ ಬುಟ್ಟಿಗೆ ಹತ್ತಿರದಿಂದ ಎಸೆಯೋ ಆ ಡಿಸ್ಕ್, ಇನ್ನೂ ಟಿವಿ ಪಕ್ಕದಲ್ಲೇ ಇದೆ. ಬೆಳಿಗ್ಗೆ ಕಾಫಿ ಆದಮೇಲೆ ಅದನ್ನು ಕೈಗೆ ತಗೊಂಡು ಅಂಚಿನ ಮೇಲೆ ಬೆರಳು ಆಡಿಸುತ್ತೇನೆ. ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಮೇಲೆ ನಿಂತವನು ನಾನು, ದುಂಡಗಿನ ವಸ್ತು ಸಿಕ್ಕರೆ ಅಂಚು ನೋಡದೆ ಕೆಳಗಿಡುವುದಿಲ್ಲ. ಇದರ ಅಂಚು ಮೊಂಡು. ದೂರ ಎಸೆಯೋಕೆ ಇರುವ ನಿನ್ನ ಡ್ರೈವರ್ ಡಿಸ್ಕಿನದು ಚೂಪು, ಓರೆಯಾಗಿ ಚೇಂಫರ್ ಹೊಡೆದ ಹಾಗೆ. 1983ರಲ್ಲಿ ಡೇವ್ ಡನಿಪೇಸ್ ಅನ್ನುವವರು ಡಿಸ್ಕಿಗೆ ಹಾಗೆ ಇಳಿಜಾರಿನ ಅಂಚು ಕೊಟ್ಟ ಮೇಲೇ ಅದು ಅಷ್ಟು ದೂರ ಹೋಗಲು ಶುರುವಾಗಿದ್ದು ಅಂತ ಓದಿದೆ. ಓದಿ ತುಂಬಾ ಖುಷಿಯಾಯಿತು. ಅಂಚು ಬದಲಾಯಿಸಿದ್ದಕ್ಕೆ ಒಂದು ಆಟವೇ ಬದಲಾಯಿತು, ನೋಡು.

ಆ ಪಟ್ಟರ್ ಮೇಲೆ ಕೆಸಿ ಅಂತಲೂ 12 ಎಕ್ಸ್ ಅಂತಲೂ ಅಚ್ಚಾಗಿದೆ. ಕೆಸಿ ಅಂದರೆ ಕೆನ್ ಕ್ಲೈಮೊ, ಹನ್ನೆರಡು ಅಂದರೆ ಹನ್ನೆರಡು ಸಲ ವಿಶ್ವ ಚಾಂಪಿಯನ್ ಅಂತ ನೀನೇ ಹೇಳಿದ್ದೆ. ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಈ ವಾರ ಓದಿದೆ. ಫ್ಲೋರಿಡಾದ ಕ್ಲಿಯರ್‌ವಾಟರ್‌ನವರು. 1990ರಿಂದ 1998ರ ತನಕ ಸತತ ಒಂಬತ್ತು ಸಲ ವಿಶ್ವ ಚಾಂಪಿಯನ್. ಎಲ್ಲರೂ ಆ ಒಂಬತ್ತನ್ನೇ ಹೇಳುತ್ತಾರೆ. ನನ್ನ ಮನಸ್ಸಿನಲ್ಲಿ ನಿಂತಿದ್ದು ಅದರ ನಂತರದ ವರ್ಷಗಳು.

1999ರಲ್ಲಿ ಸೋತರು. ಒಂಬತ್ತು ವರ್ಷ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸೋಲೇ ನೋಡದೆ ಇದ್ದು, ಒಂದು ಸಂಜೆ ಬೇರೆಯವರ ಕೈಗೆ ಕಪ್ ಹೋಗುವುದನ್ನು ನಿಂತು ನೋಡಬೇಕಲ್ವಾ, ಅದು ಹೇಗಿದ್ದೀತು ಅಂತ ಯೋಚಿಸಿದೆ. ಮರುವರ್ಷ ಗೆದ್ದರು. 2001ರಲ್ಲಿ ಇಲ್ಲ, 2002ರಲ್ಲಿ ಮತ್ತೆ ಗೆದ್ದರು. ಆಮೇಲೆ ಮೂರು ವರ್ಷ ಏನೂ ಇಲ್ಲ. ಎರಡು ಸಲ ಬ್ಯಾರಿ ಶುಲ್ಟ್ಜ್ ಗೆದ್ದರು, 2005ರಲ್ಲಿ ನೇಟ್ ಡಾಸ್ ಅನ್ನೋ ಎಳೇ ಹುಡುಗ ಗೆದ್ದ. ಕ್ಲೈಮೊ ಮೊದಲ ಸಲ ಗೆದ್ದಾಗ ಆ ಹುಡುಗ ಇನ್ನೂ ಪುಟ್ಟ ಮಗು. ಇನ್ನು ಇವರ ಕಾಲ ಆಯಿತು ಅಂತಲೇ ಜನ ಅಂದುಕೊಂಡಿರಬೇಕು. 2006ರಲ್ಲಿ ಕ್ಲೈಮೊ ಹನ್ನೆರಡನೆಯದನ್ನು ಗೆದ್ದರು. ಮೊದಲನೆಯದು ಬಂದು ಹದಿನಾರು ವರ್ಷ ಆಗಿತ್ತು.

ನಿನಗೆ ಹೇಳದೇ ಇದ್ದ ಒಂದು ವಿಷಯ ಹೇಳುತ್ತೇನೆ. ನೀನು ಕಾಲೇಜಿನಲ್ಲಿದ್ದಾಗ ನಮ್ಮ ವರ್ಕ್‌ಶಾಪಿಗೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನ್ ಬಂತು. ಐಟಿಐ ಮುಗಿಸಿದ ಹುಡುಗರು ನಾನು ಇಡೀ ದಿನ ಮಾಡುವುದನ್ನು ಒಂದು ಗಂಟೆಯಲ್ಲಿ ಮಾಡುತ್ತಿದ್ದರು. ನನ್ನ ಲೇತನ್ನು ಗೋಡೆ ಪಕ್ಕಕ್ಕೆ ಸರಿಸಿದರು. ನಾನು ಜ್ವರ ಅಂತ ಹೇಳಿ ಹತ್ತು ದಿನ ಹೋಗಲಿಲ್ಲ, ದಿನಾ ಡಬ್ಬಿ ತಗೊಂಡು ಹೊರಟು ಲಾಲ್‌ಬಾಗ್ ಕೆರೆ ಹತ್ತಿರ ಕೂತಿದ್ದು ಸಂಜೆ ಮನೆಗೆ ಬರುತ್ತಿದ್ದೆ. ನಿನ್ನ ಅಮ್ಮನಿಗೂ ಗೊತ್ತಿರಲಿಲ್ಲ. ಆಮೇಲೆ ಯಾರೋ ಒಬ್ಬರು ಹಳೇ ಪಂಪಿನ ಶಾಫ್ಟ್ ತಂದರಂತೆ, ಡ್ರಾಯಿಂಗ್ ಇಲ್ಲ, ಪೂರ್ತಿ ಸವೆದಿದೆ, ಒಂದೇ ಪೀಸ್ ಬೇಕು. ಕರೆ ಬಂತು. ಹೋಗಿ ಮಾಡಿಕೊಟ್ಟೆ. ಆ ಹುಡುಗರಷ್ಟು ಬೇಗ ಇವತ್ತಿಗೂ ನನಗೆ ಆಗಲ್ಲ. ಆದರೆ ಸವೆದ ಶಾಫ್ಟ್ ಮುಟ್ಟಿ ಅದು ಮೊದಲು ಹೇಗಿತ್ತು ಅಂತ ಹೇಳೋದು ನನ್ನ ಕೈಗೆ ಗೊತ್ತಿತ್ತು.

ನೀನು ನನ್ನನ್ನು ಅಮೆರಿಕದ ಸೌತ್ ಕೆರೊಲಿನಾದ ರಾಕ್ ಹಿಲ್‌ಗೆ ಕರೆದುಕೊಂಡು ಹೋಗಿದ್ದೆಯಲ್ಲ, ವಿಂಥ್ರಪ್ ಯೂನಿವರ್ಸಿಟಿಯಲ್ಲಿ ಯುಎಸ್ ಚಾಂಪಿಯನ್‌ಶಿಪ್ ನೋಡೋಕೆ. ಕ್ಲೈಮೊ ಅಲ್ಲೇ ಐದು ಸಲ ಗೆದ್ದಿದ್ದಾರೆ. ನಾವು ಹದಿನೇಳನೇ ಹೋಲ್, ಅಂದರೆ ಹದಿನೇಳನೇ ಬುಟ್ಟಿ ಹತ್ತಿರ ಕೂತೆವು, ಸುತ್ತ ಹುಲ್ಲಿನ ಪಿಂಡಿ ಜೋಡಿಸಿ ದ್ವೀಪದ ಹಾಗೆ ಮಾಡಿದ್ದರಲ್ಲ, ಅಲ್ಲಿ. ದೂರ ಏನೂ ಜಾಸ್ತಿ ಇಲ್ಲ. ಎಂಥೆಂಥಾ ತೋಳಿನವರು ಬಂದು ಅಲ್ಲಿ ಹೊರಗೆ ಹಾಕಿ ದಂಡ ತೆತ್ತು ತಲೆ ಮೇಲೆ ಕೈ ಇಟ್ಟುಕೊಂಡರು! ನೀನು ಆಗ ನನ್ನ ಕಿವಿಯಲ್ಲಿ "ಇಲ್ಲಿ ದೂರ ಬೇಕಾಗಿಲ್ಲ ಅಪ್ಪ, ಸಮಾಧಾನ ಬೇಕು" ಅಂದಿದ್ದೆ. ಅದನ್ನು ನೀನು ಮರೆತಿದ್ದೀಯ.

ಬುಟ್ಟಿಯ ಸುತ್ತ 10 ಮೀಟರ್ ವೃತ್ತದೊಳಗೆ ನಿನ್ನ ಕೈ ಹೇಗಿದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಎಸೆದ ಮೇಲೂ ಕಾಲು ಮುಂದೆ ಹೋಗದ ಹಾಗೆ ಕೊಕ್ಕರೆಯಂತೆ ನಿಂತಿರುತ್ತೀಯ. ಆ ಹುಡುಗಿಯರು ನಿನಗಿಂತ ಮೂವತ್ತು ಮೀಟರ್ ದೂರ ಎಸೆಯಲಿ, ಎಸೆಯಬೇಕು, ಅವರ ವಯಸ್ಸು ಅದು.

ಬರುವ ವರ್ಷ ನಿನಗೆ ನಲವತ್ತು. ನಲವತ್ತು ದಾಟಿದವರಿಗೆ ಬೇರೆ ವಿಭಾಗ ಇದೆ, ಐವತ್ತಕ್ಕೆ ಇನ್ನೊಂದು, ಅರವತ್ತಕ್ಕೆ ಮತ್ತೊಂದು. ಅದರಲ್ಲಿ ಆಡು, ಸಂತೋಷ. ಆದರೆ ಸೋತೆ ಅಂತ ಆ ಕಡೆ ಹೋಗಬೇಡ. ಜೂಲಿಯಾನಾ ಕೋರ್ವರ್ 1998ರಿಂದ 2003ರೊಳಗೆ ಐದು ಸಲ ವಿಶ್ವ ಚಾಂಪಿಯನ್ ಆದವರು, ಐವತ್ತರ ಹತ್ತಿರ ಬಂದಮೇಲೂ ವಯಸ್ಸಿನ ಮಿತಿ ಇಲ್ಲದ ಮಹಿಳೆಯರ ಓಪನ್‌ನಲ್ಲೇ ಎಳೇ ಹುಡುಗಿಯರ ಜೊತೆ ನಿಂತು ಆಡಿದರು. ದುಡ್ಡಿನ ಮಾತು ಬಿಡು. 2021ರಲ್ಲಿ ಪಾಲ್ ಮೆಕ್‌ಬೆತ್ ಅನ್ನೋ ಆಟಗಾರನಿಗೆ ಹತ್ತು ವರ್ಷಕ್ಕೆ ಒಂದು ಕೋಟಿ ಡಾಲರ್ ಕರಾರು ಸಿಕ್ಕಿತು ನಿಜ, ನಿನಗೆ ಅದು ಬೇಕಾಗಿಲ್ಲ, ಕೆಲಸ ಇದೆ.

ಇನ್ನೊಂದು ವಿಷಯ. ನಾನು ತಾರಸಿ ಮೇಲೆ ಒಂದು ಬುಟ್ಟಿ ಮಾಡುತ್ತಿದ್ದೇನೆ. ಪೈಪು ನಮ್ಮ ಹಳೇ ವರ್ಕ್‌ಶಾಪಿನಲ್ಲಿ ಸಿಕ್ಕಿತು, ಚೈನ್ ಎಸ್.ಪಿ. ರೋಡಿನಿಂದ ತಂದೆ. ಡಿಸೆಂಬರ್‌ಗೆ ನೀನು ಬರುವಷ್ಟರಲ್ಲಿ ರೆಡಿ ಇರುತ್ತೆ. ತಾರಸಿ ಎಂಟು ಮೀಟರ್ ಅಷ್ಟೇ, ಹತ್ತು ಬೇಕಾದರೆ ನೀರಿನ ಟ್ಯಾಂಕಿನ ಹಿಂದೆ ನಿಂತು ಎಸೆಯಬೇಕು. ಒಳಗಿನ ಸಾಲಿನ ಚೈನ್ ಎಷ್ಟು ಸಡಿಲ ಬಿಡಬೇಕು ಅಂತ ತಿಳಿಯುತ್ತಿಲ್ಲ. ಬಿಗಿಯಾದರೆ ಡಿಸ್ಕ್ ವಾಪಸ್ ಎಗರುತ್ತೆ, ಸಡಿಲವಾದರೆ ತೂರಿಕೊಂಡು ಆಚೆ ಹೋಗುತ್ತೆ. ಈ ಶನಿವಾರ ನಿನ್ನ ಪಾರ್ಕಿಗೆ ಹೋಗು, ಚೈನ್ ಕೈಯಲ್ಲಿ ಹಿಡಿದು ನೋಡು, ಒಂದಿಷ್ಟು ಎಸೆದೂ ನೋಡು. ಆಮೇಲೆ ಫೋನ್ ಮಾಡಿ ಹೇಳು.

ಅಪ್ಪ